ಜನ ತುಂಬಿದ ಮೇಲಿನ ಅಳತೆ

ನನ್ನ ಕೆಲಸ ಏನೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆಲ್ದೂರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ ‘ಕಂಪ್ಯೂಟರ್ ಕೆಲಸ’ ಎನ್ನುತ್ತಾಳೆ, ಅಪ್ಪ ‘ಟವರ್ ಕೆಲಸ’ ಎನ್ನುತ್ತಾರೆ. ಎರಡೂ ಅಲ್ಲ. ಒಂದು ಕಟ್ಟಡದಲ್ಲಿ ವೈಫೈ ಎಲ್ಲಿ ಬರುತ್ತಿದೆ, ಎಲ್ಲಿ ಬರುತ್ತಿಲ್ಲ, ಎಲ್ಲ ಕಡೆ ಬರಬೇಕಾದರೆ ಪೆಟ್ಟಿಗೆಗಳನ್ನು ಎಲ್ಲೆಲ್ಲಿ ಹಚ್ಚಬೇಕು ಎಂದು ನಡೆದು ನೋಡಿ ಹೇಳುವುದು ನನ್ನ ಕೆಲಸ. ಲ್ಯಾಪ್‌ಟಾಪಿನಲ್ಲಿ ಕಟ್ಟಡದ ನಕ್ಷೆ ಇರುತ್ತದೆ. ಸ್ವಲ್ಪ ದೂರ ನಡೆದು ನಿಲ್ಲುತ್ತೇನೆ, ನಾನು ನಿಂತ ಜಾಗವನ್ನು ನಕ್ಷೆಯ ಮೇಲೆ ಒತ್ತುತ್ತೇನೆ, ಮತ್ತೆ ನಡೆಯುತ್ತೇನೆ. ಕೊನೆಗೆ ನಕ್ಷೆ ತಾನೇ ಬಣ್ಣ ತುಂಬಿಕೊಳ್ಳುತ್ತದೆ. ಚೆನ್ನಾಗಿರುವ ಕಡೆ ಹಸಿರು, ಸುಮಾರಾಗಿರುವ ಕಡೆ ಹಳದಿ, ಏನೂ ಇಲ್ಲದ ಕಡೆ ಕೆಂಪು. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್, ರೆಸಾರ್ಟು, ಆಸ್ಪತ್ರೆ, ಬ್ಯಾಂಕು ಎಲ್ಲ ಕಡೆ ಇದೇ ಕೆಲಸ. ಮಾತು ಕಡಿಮೆ. ಆ ವರ್ಷ ಅದು ನನಗೆ ಅನುಕೂಲವಾಗಿತ್ತು.

ಆ ವರ್ಷದ ಮಾಘದಲ್ಲಿ ನನ್ನ ಮದುವೆ ಆಗಬೇಕಿತ್ತು. ಲಗ್ನಪತ್ರಿಕೆ ಹಂಚಿ ಮುಗಿಯುವ ಹೊತ್ತಿಗೆ ಹುಡುಗನ ಕಡೆಯಿಂದ ಫೋನು ಬಂತು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಪ್ಪ ಪತ್ರಿಕೆ ಕೊಟ್ಟಿದ್ದ ಮನೆಗಳಿಗೆಲ್ಲ ಮತ್ತೊಮ್ಮೆ ಹೋಗಿ, ಚಪ್ಪಲಿ ಬಿಚ್ಚಿ ಒಳಗೆ ಕೂತು, ಮದುವೆ ಇಲ್ಲವೆಂದು ಹೇಳಿ ಬಂದರು. ಮನೆಗೆ ಹೋಗಿ ಕರೆದದ್ದನ್ನು ಫೋನಿನಲ್ಲಿ ಬೇಡವೆನ್ನಬಾರದು ಎಂಬುದು ಅವರ ಲೆಕ್ಕ. ಅದಾದ ಮೇಲೆ ನಮ್ಮ ಮನೆಯಲ್ಲಿ ಆ ಮಾತು ನಿಂತಿತು. ನಾನು ಅತ್ತ ನೆನಪಿಲ್ಲ. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಬಸ್ಸು ಹತ್ತಿ ಚಿಕ್ಕಮಗಳೂರಿನ ಆಫೀಸಿಗೆ ಹೋಗಿ ಬರುತ್ತಿದ್ದೆ. ಹಲ್ಲು ಕೀಳುವ ಮೊದಲು ವಸಡಿಗೆ ಸೂಜಿ ಹಾಕುತ್ತಾರಲ್ಲ, ಆಮೇಲೆ ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಹಾಗಿತ್ತು.

ಬೇಸಿಗೆಯಲ್ಲಿ ನಮ್ಮ ಆಫೀಸಿಗೆ ಮೂಡಿಗೆರೆಯ ಒಂದು ಛತ್ರದ ಕೆಲಸ ಬಂತು. ಮದುವೆಗೆ ಬರುವ ಜನ ಈಗ ಅಡುಗೆಮನೆ ನೋಡುವ ಮೊದಲು ವೈಫೈ ಕೇಳುತ್ತಾರೆ, ಯಾರಾದರೂ ಬಂದು ನೋಡಿ ಹೇಳಿ ಎಂದು ಅಲ್ಲಿಯ ಮ್ಯಾನೇಜರು ಫೋನು ಮಾಡಿದ್ದರು. ನನ್ನ ಮದುವೆಗೆ ಹಿಡಿದಿದ್ದ ಛತ್ರ ಅದೇ. ನಮ್ಮ ಸರ್‌ಗೆ ಪತ್ರಿಕೆ ಕೊಟ್ಟಿದ್ದೆ, ಆದರೆ ಛತ್ರದ ಹೆಸರು ಓದಿ ನೆನಪಿಟ್ಟುಕೊಳ್ಳುವವರಲ್ಲ ಅವರು. ‘ನೀನೇ ಹೋಗ್ ಬಾರಮ್ಮ, ಆ ಕಡೆ ನಿಂಗೆ ಪರಿಚಯ’ ಎಂದರು. ಆಯಿತು ಸರ್ ಎಂದೆ.

ಛತ್ರ ಊರಿನಿಂದ ಸ್ವಲ್ಪ ಆಚೆ, ರಸ್ತೆಯಿಂದ ಕೆಳಗೆ ತಗ್ಗಿನಲ್ಲಿದೆ. ಮೇಲೆ ತಗಡಿನ ಛಾವಣಿ. ಗೇಟಿನ ಬಳಿ ಮೊಬೈಲಿಗೆ ಟವರ್ ಸಿಗುತ್ತದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಹೋಗುತ್ತದೆ. ಇಂಟರ್ನೆಟ್ಟಿನ ಲೈನು ಮುಂಬಾಗಿಲ ಪಕ್ಕದ ಆಫೀಸ್ ಕೋಣೆಗೆ ಬಂದಿತ್ತು, ಅಲ್ಲೊಂದು ರೌಟರ್ ಇತ್ತು. ಮದುವೆಯ ಮಂಟಪ ಎದುರಿನ ತುದಿಯಲ್ಲಿ. ನಡುವೆ ಉದ್ದಕ್ಕೆ ಕುರ್ಚಿಗಳು.

ಮ್ಯಾನೇಜರು ವಯಸ್ಸಾದವರು. ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನನ್ನನ್ನು ನೋಡಿದರು, ಇನ್ನೊಂದು ಸಲ ನೋಡಿದರು.

‘ನೀವು ಆಲ್ದೂರಿನವ್ರಲ್ವಾ? ಹಾರ್ಡ್‌ವೇರ್ ಅಂಗಡಿ...’

‘ಹೌದು.’

ಅವರು ಮುಂದೆ ಕೇಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ, ‘ಏಯ್, ಇಲ್ಲೊಂದು ಕಾಫಿ ತಗಂಡ್ ಬಾರೋ ಮಾರಾಯ, ಸಕ್ರೆ ಕಮ್ಮಿ ಹಾಕು’ ಎಂದು ಕೂಗಿದರು. ಮುಂದೆ ಕೇಳದಿದ್ದಕ್ಕೆ ನಾನು ಆ ಕಾಫಿ ಕುಡಿದೆ.

ಅಳತೆಗೆ ಹೊರಟೆ. ಖಾಲಿ ಛತ್ರದಲ್ಲಿ ನನ್ನ ಚಪ್ಪಲಿಯ ಸದ್ದು ತಗಡಿಗೆ ತಾಗಿ ವಾಪಸು ಬರುತ್ತಿತ್ತು. ಬಾಗಿಲ ಬಳಿ ಹಸಿರು. ಕಂಬದ ಹಿಂದೆ, ಕಬ್ಬಿಣದ ಕುರ್ಚಿ ಪೇರಿಸಿಟ್ಟ ಕಡೆ ಹಳದಿ. ಊಟದ ಮನೆ ಕೆಂಪು. ಕೊನೆಗೆ ಮಂಟಪದ ಮೆಟ್ಟಿಲು ಹತ್ತಿ, ವಧೂವರರು ಕೂರುವ ಜಾಗದಲ್ಲಿ ನಿಂತು ಒತ್ತಿದೆ. ಹಳದಿ ಬಂತು. ಎರಡನೇ ಸಲ ಒತ್ತಿದೆ, ಹಾಗೆ ಮಾಡುವುದು ರೂಢಿ. ಹಳದಿಯೇ. ಇಳಿದು ವಧುವಿನ ಕೋಣೆಗೆ ಹೋದೆ. ಕನ್ನಡಿಯ ಮೇಲೆ ಯಾರದೋ ಹಳೆಯ ಬಿಂದಿಗಳು ಅಂಟಿಕೊಂಡಿದ್ದವು.

ಆಫೀಸಿಗೆ ವಾಪಸು ಬಂದಾಗ ಮ್ಯಾನೇಜರ ಎದುರು ಒಬ್ಬರು ಕೂತಿದ್ದರು. ಬಾಳೂರಿನ ಕಡೆಯ ಕಾಫಿ ಬೆಳೆಗಾರರು, ಅವರ ಅಣ್ಣನ ಮಗಳ ಮದುವೆ ಮುಂದಿನ ವಾರ ಇದೇ ಛತ್ರದಲ್ಲಿ. ಜೀಪಿನ ಕೀ ಬೆರಳಿಗೆ ಸುತ್ತುತ್ತ ನೇರ ನನ್ನನ್ನೇ ಕೇಳಿದರು.

‘ಮೇಡಂ, ಲೈನ್ ಬರುತ್ತೋ ಇಲ್ವೋ, ಅದೊಂದ್ ಹೇಳಿ. ಅಲ್ಲಿ ಮಂಟಪದಲ್ಲಿ ನಿಂತ್ಕಂಡ್ರೆ ಫೋನಲ್ಲಿ ಮುಖ ಕಾಣ್ಬೇಕು.’

ವಿಷಯ ಹೀಗೆ. ಹುಡುಗಿಯ ಅಪ್ಪ, ಎಂದರೆ ಇವರ ಅಣ್ಣ, ಮರಗಸಿ ಮಾಡಿಸುವಾಗ ಕೊಂಬೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಕಾಫಿಗಿಡಕ್ಕೆ ನೆರಳು ಕೊಡುವ ಮರಗಳ ಕೊಂಬೆ ಸವರುವುದಕ್ಕೆ ಕೆಲಸದವರಿದ್ದರು. ಅಣ್ಣ ಕೆಳಗೆ ನಿಂತು ಯಾವ ಕೊಂಬೆ ಎಂದು ತೋರಿಸುತ್ತಿದ್ದರಂತೆ.

‘ತೋರಿಸಿದ್ ಕೊಂಬೇನೇ ಬಿತ್ತು’ ಎಂದರು ತಮ್ಮ. ‘ಕಾಲಿಗೆ ತೂಕ ಕಟ್ಟಿ ಮಲಗ್ಸಿದಾರೆ, ಹಂದಾಡೋ ಹಾಗಿಲ್ಲ. ದಿನ ಮುಂದಕ್ ಹಾಕಾಣ ಅಂದ್ರೆ ಅವನೇ ಬಿಡಲ್ಲ. ಇಟ್ಟ ಮುಹೂರ್ತ ಇಟ್ಟಾಯ್ತು, ನಂಗೆ ಫೋನಲ್ಲಿ ತೋರ್ಸಿ, ತಾಳಿ ಕಟ್ಟೋದ್ ನೋಡ್ಬೇಕು, ಸಾಕು ಅಂತಾನೆ. ಇತ್ಲಾಗೆ ಹುಡುಗಿ ಇನ್ನೊಂದು. ಅಪ್ಪ ಫೋನಲ್ಲಿ ಕಾಣೋ ತನಕ ನಾನು ಕುತ್ತಿಗೆ ಬಗ್ಸಲ್ಲ ಅಂತ ಕೂತಿದಾಳೆ. ಬಗ್ಸಲ್ಲ ಅಂದ್ರೆ ಬಗ್ಸಲ್ಲ ಅವ್ಳು, ನಂಗೊತ್ತು. ಗಂಡಿನ ಕಡೆಯವ್ರ ಎದ್ರು ನಾನೆಂತ ಮಾಡ್ಲಿ?’

‘ಈಗ ಬರುತ್ತೆ’ ಎಂದೆ. ‘ಜನ ತುಂಬಿದ ಮೇಲೆ ಬರುತ್ತೆ ಅಂತ ಹೇಳಕ್ಕಾಗಲ್ಲ.’

‘ಜನಕ್ಕೂ ಲೈನಿಗೂ ಎಂತ ಸಂಬಂಧ ಮಾರಾಯ್ರೆ?’

ಮನುಷ್ಯರ ಮೈಯಲ್ಲಿ ಹೆಚ್ಚಿನ ಪಾಲು ನೀರು, ನೀರು ಈ ಅಲೆಗಳನ್ನು ಕುಡಿದುಬಿಡುತ್ತದೆ, ಒಬ್ಬರ ಹಿಂದೆ ಒಬ್ಬರು ನಿಂತರೆ ಗೋಡೆ ಕಟ್ಟಿದ ಹಾಗೆ ಎಂದು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

‘ಹಾಗಾದ್ರೆ ನಮ್ ಕಡೆಯವ್ರು ಬಂದ್ರೆ ಕಷ್ಟನೇ’ ಎಂದರು. ‘ಎಲ್ಲ ಎರಡೆರಡು ಗೋಡೆ ಇದಾರೆ.’

ಮ್ಯಾನೇಜರು ನಕ್ಕರು. ಎಲ್ಲಿ ನಗಬೇಕೆಂದು ನನಗೆ ಗೊತ್ತಿತ್ತು, ನಕ್ಕೆ.

ಆಫೀಸಿಗೆ ಬಂದು ಸರ್‌ಗೆ ಹೇಳಿದೆ, ಖಾಲಿ ಛತ್ರದ ಅಳತೆ ಇಟ್ಟುಕೊಂಡು ವರದಿ ಬರೆಯುವುದಿಲ್ಲ, ಮದುವೆ ನಡೆಯುವಾಗ ಇನ್ನೊಂದು ಸಲ ಅಳೆಯಬೇಕು ಎಂದು. ‘ಮದುವೆ ದಿನ ಹೋಗಿ ಎಲ್ಲರ ಕಾಲಡಿ ಸಿಕ್ಕಿ ಎಂತ ಮಾಡ್ತೀಯಮ್ಮ?’ ಎಂದರು. ಆದರೂ ಒಪ್ಪಿದರು. ಕ್ಯೂರಿಂಗ್ ವರ್ಕ್ಸೊಂದರ ಗೋದಾಮನ್ನು ಖಾಲಿಯಿದ್ದಾಗ ಅಳೆದು, ಸೀಸನ್ನಿನಲ್ಲಿ ಮೂಟೆ ತುಂಬಿದ ಮೇಲೆ ಎಲ್ಲ ಪೆಟ್ಟಿಗೆಗಳನ್ನೂ ಕಿತ್ತು ಬೇರೆ ಕಡೆ ಹಚ್ಚಿದ್ದು ಅವರಿಗೆ ಮರೆತಿರಲಿಲ್ಲ. ಜೊತೆಗೆ ನಾನು ಪರೀಕ್ಷೆಯ ಕೋಲನ್ನೂ ಕೇಳಿದೆ. ಅದು ನಮ್ಮ ಕೆಲಸದ ಒಂದು ಸಾಮಾನು. ಉದ್ದ ಮಾಡಬಹುದಾದ ಅಲ್ಯೂಮಿನಿಯಂ ಕೋಲು, ಅದರ ತುದಿಗೆ ಸೀಲಿಂಗಿಗೆ ಹಚ್ಚುವಂಥದೇ ತಟ್ಟೆಯಾಕಾರದ ಬಿಳಿ ವೈಫೈ ಪೆಟ್ಟಿಗೆ, ಬುಡದಲ್ಲಿ ಬ್ಯಾಟರಿ, ನಿಲ್ಲಿಸಲು ಮೂರು ಕಾಲು. ಗೋಡೆಗೆ ತೂತು ಕೊರೆಯುವ ಮೊದಲು ಪೆಟ್ಟಿಗೆಯನ್ನು ಇಲ್ಲಿ ಹಚ್ಚಿದರೆ ಹೇಗೆ, ಅಲ್ಲಿ ಹಚ್ಚಿದರೆ ಹೇಗೆ ಎಂದು ನೋಡುವುದಕ್ಕೆ. ಹಗುರ ಸಾಮಾನು, ಒಂದು ಕೈಯಲ್ಲಿ ಎತ್ತಬಹುದು.

ಮದುವೆಯ ದಿನ ಬೆಳಿಗ್ಗೆ ಕಾಟನ್ ಚೂಡಿದಾರ ಹಾಕಿಕೊಂಡೆ. ಅಮ್ಮ ಎಲ್ಲಿಗೆ ಎಂದಳು. ಮೂಡಿಗೆರೆಗೆ, ಕೆಲಸಕ್ಕೆ ಎಂದೆ. ಯಾವ ಕಟ್ಟಡವೆಂದು ಹೇಳಲಿಲ್ಲ. ಅಪ್ಪ ಅಂಗಡಿಗೆ ಹೊರಟವರು ಕೋಲಿನ ಚೀಲವನ್ನು ಬಸ್ ಸ್ಟ್ಯಾಂಡಿನ ತನಕ ಹೊತ್ತು ತಂದರು.

ಛತ್ರದಲ್ಲಿ ಬಾಳೆಕಂದು ಕಟ್ಟಿಯಾಗಿತ್ತು. ಮಂಟಪದ ಹಿಂದೆ ಅಲಂಕಾರದವರು ಬೆಳ್ಳಿ ಬಣ್ಣದ ಮಿರುಗುವ ಹಾಳೆ ಇಳಿಬಿಟ್ಟು ಹೂವಿನ ಸರ ಜೋಡಿಸುತ್ತಿದ್ದರು. ಹುಡುಗಿಯ ಚಿಕ್ಕಪ್ಪ ರೇಷ್ಮೆ ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನನ್ನ ಕಡೆಗೆ ಓಡುತ್ತಲೇ ಬಂದರು.

‘ಮೇಡಂ, ಏನೂ ಇಲ್ಲ! ಬಾಗ್ಲಲ್ಲೂ ಇಲ್ಲ! ಮೊನ್ನೆ ಇತ್ತು ಅಂದ್ರಲ್ಲ ನೀವು?’

ಲ್ಯಾಪ್‌ಟಾಪ್ ತೆರೆದು ಬಾಗಿಲಿಂದ ಮಂಟಪದ ತನಕ ನಡೆದೆ. ಇಡೀ ಛತ್ರ ಕೆಂಪು. ಜನ ಇನ್ನೂ ಬಂದೇ ಇರಲಿಲ್ಲ. ಆಫೀಸ್ ಕೋಣೆಗೆ ಹೋದೆ. ಮೇಜಿನ ಮೇಲೆ ರೌಟರ್ ಇರಲಿಲ್ಲ. ಅದರ ವೈರು ಗೋಡೆಗುಂಟ ಹೋಗಿ ಕಬ್ಬಿಣದ ಬೀರುವಿನ ಬಾಗಿಲ ಸಂದಿಯಲ್ಲಿ ಒಳಗೆ ನುಸುಳಿತ್ತು.

‘ಬೀರುವಿನಲ್ಲಿ ಇಟ್ಟಿದೀರಾ?’ ಎಂದೆ.

‘ಹ್ಞೂ ಮತ್ತೆ’ ಎಂದರು ಮ್ಯಾನೇಜರು. ‘ಮದುವೆ ಜನ. ಮಕ್ಳು ಮರಿ ಬರ್ತಾವೆ, ಯಾರಾದ್ರೂ ಕಿತ್ತಾಕಿದ್ರೆ? ಇವತ್ತು ಬಹಳ ಮುಖ್ಯ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ಭದ್ರ ಮಾಡ್ದೆ. ದೀಪ ಉರೀತಾ ಇದೆ, ಈಗಷ್ಟೇ ನೋಡ್ದೆ.’

ಬೀಗ ತೆಗೆದರು. ಒಳಗೆ ರೌಟರ್ ಬೆಳ್ಳಿ ತಟ್ಟೆಗಳ ಮೇಲೆ ಕೂತಿತ್ತು. ಪಕ್ಕದಲ್ಲಿ ಹುಡುಗಿಯ ಒಡವೆಯ ಡಬ್ಬ. ರೌಟರಿನ ಹಣೆಗೆ ಅರಿಸಿನ ಕುಂಕುಮ, ಮೇಲೊಂದು ಸೇವಂತಿಗೆ. ನಾಲ್ಕು ಹಸಿರು ದೀಪಗಳು ಕತ್ತಲಲ್ಲಿ ಮಿನುಗುತ್ತಿದ್ದವು.

‘ಕಬ್ಬಿಣ ದಾಟಿ ಬರಲ್ಲ ಇದು. ಹೊರಗಿಡ್ಬೇಕು’ ಎಂದೆ.

‘ಒಡವೆ ಇದೆಯಲ್ಲ ಒಳಗೆ, ಬೀರು ತೆಗೆದಿಡಕ್ಕಾಗಲ್ಲಮ್ಮ!’

‘ಬೀರು ಮುಚ್ಚಿ. ಇದೊಂದು ಹೊರಗೆ ಬಂದ್ರೆ ಸಾಕು.’

ಅವರು ಎರಡು ಕೈಯಲ್ಲಿ ರೌಟರನ್ನು ಎತ್ತಿ ಬೀರುವಿನ ತಲೆಯ ಮೇಲಿಟ್ಟರು. ಹೂವು ಬೀಳದಂತೆ ನೋಡಿಕೊಂಡರು. ಬಾಗಿಲ ಕಡೆ ಮತ್ತೆ ಹಸಿರು, ಮಂಟಪದಲ್ಲಿ ಹಳದಿ ಬಂತು. ಚಿಕ್ಕಪ್ಪ ಮಂಟಪಕ್ಕೆ ಓಡಿ ಹೋಗಿ ಆಸ್ಪತ್ರೆಗೆ ಫೋನು ಹಚ್ಚಿದರು. ತೆರೆಯ ಮೇಲೆ ಬಿಳಿ ದಿಂಬು, ಅದರ ಮೇಲೆ ಗಡ್ಡ ಬೋಳಿಸಿಕೊಂಡು ಇಸ್ತ್ರಿ ಶರಟು ಹಾಕಿಕೊಂಡಿದ್ದ ಒಬ್ಬ ಗಂಡಸು ಕಂಡರು. ಮಲಗಿದ್ದಲ್ಲೇ ಭುಜಕ್ಕೆ ಶಲ್ಯ ಹೊದಿಸಿದ್ದರು.

‘ಕಾಣ್ತೇನೋ?’ ಎಂದರು ತಮ್ಮ.

‘ಕಾಣುತ್ತೆ. ಚಪ್ಪರದ್ ಹೂ ಬಾಡ್ದಂಗಿದೆಯಲ್ಲೋ.’

‘ಬಾಡಿಲ್ಲ ಮಾರಾಯ, ಅದರ ಬಣ್ಣನೇ ಹಂಗೆ.’

ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಜನ ಬರುವುದನ್ನು ಕಾದೆ.

ಜೀಪುಗಳಲ್ಲಿ, ಬಸ್ಸಿನಲ್ಲಿ ಬಂದರು. ಮೊದಲು ಸಾಲುಗಳ ನಡುವೆ ಸುಮ್ಮನೆ ನಡೆಯಬಹುದಿತ್ತು. ಆಮೇಲೆ ಮೊಣಕಾಲುಗಳನ್ನು ದಾಟಿ ಹೋಗಬೇಕಾಯಿತು. ಲ್ಯಾಪ್‌ಟಾಪನ್ನು ತಟ್ಟೆಯಂತೆ ಎದುರು ಹಿಡಿದು ನಡೆಯುವ ಹುಡುಗಿಯನ್ನು ಎಲ್ಲರೂ ನೋಡಿದರು. ಒಬ್ಬ ಹೆಂಗಸು ಸೆರಗು ಹಿಡಿದಂತೆ ನನ್ನ ದುಪಟ್ಟಾ ಹಿಡಿದು ನಿಲ್ಲಿಸಿದರು.

‘ನೀನು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ?’

‘ವೈಫೈ ಕಡೆ’ ಎಂದೆ. ಬೇರೆ ಉತ್ತರ ಹೊಳೆಯಲಿಲ್ಲ.

‘ಅದ್ಯಾವ ಊರು?’ ಎಂದರು ಅವರ ಪಕ್ಕದವರು. ಇಬ್ಬರೂ ನಕ್ಕರು. ‘ಮದುವೆ ಆಗಿದ್ಯಾ ನಿಂಗೆ?’

‘ಇಲ್ಲ.’

‘ಎಂತಕ್ಕೆ?’

‘ಕೆಲ್ಸ ಇದೆ’ ಎಂದು ಮುಂದೆ ಹೋದೆ. ಕೆಲಸ ಇದ್ದದ್ದು ನಿಜ. ಸಾಲುಗಳು ತುಂಬಿದಂತೆ ನಕ್ಷೆಯ ಹಸಿರು ಬಾಗಿಲ ಕಡೆಗೆ ಹಿಂದೆ ಸರಿಯುತ್ತಿತ್ತು. ನಡುವೆ ಹಳದಿ, ಮಂಟಪದ ಬುಡಕ್ಕೆ ಕೆಂಪು. ಓಲಗದವರು ಬಂದು ಕೂತರು. ಪುರೋಹಿತರು ಹೋಮದ ಸಾಮಾನು ಬಿಚ್ಚಿದರು. ಹುಡುಗಿಯನ್ನು ಅವಳ ಸೋದರಮಾವ ಕರೆತಂದರು.

ಚಿಕ್ಕಪ್ಪ, ಚಿಕ್ಕಮ್ಮ ಧಾರೆಗೆ ಕೂರಬೇಕಿದ್ದರಿಂದ ಫೋನು ಹಿಡಿಯುವ ಕೆಲಸ ಹುಡುಗಿಯ ಸೋದರತ್ತೆಗೆ ಬಂದಿತ್ತು. ಮಲಗಿದವರ ಅಕ್ಕ ಅವರು. ಮಂಟಪದ ಮೆಟ್ಟಿಲ ಮೇಲೆ ನಿಂತು ಫೋನನ್ನು ಎರಡು ಕೈಯಲ್ಲಿ ಆರತಿಯಂತೆ ಎತ್ತಿ ಹಿಡಿದಿದ್ದರು.

‘ಅಕ್ಕ, ನಿನ್ನ ಮುಖ ಯಾಕೆ ತೋರಿಸ್ತಿ? ಮಗಳ್ನ ತೋರ್ಸೆ’ ಎಂದಿತು ಫೋನು.

‘ಎಲ್ಲಿ ಒತ್ಬೇಕೋ ನಂಗೊತ್ತಿಲ್ಲ ಕಣೋ. ನನ್ ಮುಖಾನೇ ನೋಡು, ನಿನಗಿಂತ ಚೆನ್ನಾಗಿದೆ.’

ನಾನು ಒತ್ತಿ ಕೊಟ್ಟೆ. ಆಚೆಯಿಂದ ‘ಹಾಂ, ಬಂತು, ಬಂತು’ ಎಂದರು. ಅಷ್ಟರಲ್ಲಿ ಬಾಯಿ ತೆರೆದಂತೆಯೇ ಅವರ ಮುಖ ನಿಂತುಹೋಯಿತು. ತೆರೆಯ ಮೇಲೆ ಸಣ್ಣ ವೃತ್ತವೊಂದು ಸುತ್ತತೊಡಗಿತು.

ಮುಹೂರ್ತ ಹತ್ತಿರ ಬಂದಿತ್ತು. ನಮ್ಮ ಕಡೆ ಆ ಹೊತ್ತಿಗೆ ಯಾರೂ ಕುರ್ಚಿಯಲ್ಲಿ ಕೂತಿರುವುದಿಲ್ಲ. ಅಕ್ಷತೆ ಹಿಡಿದುಕೊಂಡು ಎಲ್ಲರೂ ಎದ್ದು ಮುಂದಕ್ಕೆ ಬರುತ್ತಾರೆ. ಅದಾದ ಮೇಲೆ ವಧೂವರರ ಕೈಯ ತೆಂಗಿನಕಾಯಿಯ ಮೇಲೆ ಹಾಲಿನ ಧಾರೆ ಎರೆಯಲು ಒಬ್ಬೊಬ್ಬರಾಗಿ ಮಂಟಪಕ್ಕೇ ಹತ್ತುತ್ತಾರೆ. ಇದು ನನಗೆ ಗೊತ್ತಿರುವ ವಿಷಯ, ಹುಟ್ಟಿದಾಗಿನಿಂದ ನೋಡಿದ್ದು. ಯಾವ ಛತ್ರದಲ್ಲಿಯೂ ಜನ ಅತಿ ಹೆಚ್ಚು ಒತ್ತುವ ಜಾಗವೂ, ಹೊತ್ತೂ ಅದೇ. ಕೂತ ಜನರ ನಡುವೆಯೇ ಬರದ ಲೈನು ನಿಂತ ಜನರ ನಡುವೆ ಬರುವುದಿಲ್ಲ.

ಹುಡುಗಿ ಬಾಸಿಂಗದ ಕೆಳಗಿನಿಂದ ಅತ್ತೆಯನ್ನೇ ನೋಡುತ್ತಿದ್ದಳು. ಅತ್ತೆ ತಲೆ ಅಲ್ಲಾಡಿಸಿದರು. ಹುಡುಗಿ ಕುತ್ತಿಗೆ ನೆಟ್ಟಗೆ ಮಾಡಿ ಕೂತಳು. ಅವಳು ಅಳುತ್ತಿರಲಿಲ್ಲ, ಹಟದ ಮುಖವೂ ಇರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಇದ್ದಳು.

‘ಮೇಡಂ’ ಎಂದರು ಚಿಕ್ಕಪ್ಪ, ಕೂತಲ್ಲಿಂದಲೇ. ಅಷ್ಟೇ ಎಂದರು.

ಕೋಲಿನ ಚೀಲದಲ್ಲಿದ್ದ ಉದ್ದದ ಕೇಬಲ್ಲಿನ ಒಂದು ತುದಿಯನ್ನು ಆಫೀಸ್ ಕೋಣೆಯ ರೌಟರಿಗೆ ಸಿಕ್ಕಿಸಿ, ನಾನು ಸುರುಳಿ ಬಿಚ್ಚುತ್ತ ಹೊರಗೋಡೆಯ ಗುಂಟ ಓಡಿದೆ. ಊಟದ ಮನೆಯ ಹಿಂದೆ ಪಾತ್ರೆ ತೊಳೆಯುತ್ತಿದ್ದವರನ್ನು ದಾಟಿ, ವಧುವಿನ ಕೋಣೆಯ ಕಿಟಕಿಯಿಂದ ಒಳಗೆ ಎಸೆದು, ಅಲ್ಲಿಂದ ಮಂಟಪದ ಪಕ್ಕಕ್ಕೆ ತಂದೆ. ಕೋಲನ್ನು ಉದ್ದ ಮಾಡಿ, ತುದಿಯ ಪೆಟ್ಟಿಗೆಗೆ ಕೇಬಲ್ಲು ಸಿಕ್ಕಿಸಿದೆ. ಬೆಳ್ಳಿ ಹಾಳೆಯ ಹಿಂದೆ ನಿಲ್ಲಿಸಿದರೆ ಉಪಯೋಗವಿರಲಿಲ್ಲ, ಅದೂ ಲೋಹವೇ. ಮುಂದೆ, ಜನರ ತಲೆಗಿಂತ ಮೇಲೆ ಇರಬೇಕು. ಮಂಟಪದ ಅಂಚಿನಲ್ಲಿ ಮೂರು ಕಾಲು ಬಿಡಿಸಲು ಜಾಗವೇ ಇರಲಿಲ್ಲ. ಒಂದು ಕಾಲು ಪುರೋಹಿತರ ಕಲಶಕ್ಕೆ ತಾಗಿತು.

‘ಅದೆಂತ ಅದು? ಇಲ್ಲಿ ಬೇಡ, ತೆಗೀರಿ ತೆಗೀರಿ’ ಎಂದರು ಪುರೋಹಿತರು.

‘ಇರ್ಲಿ ಭಟ್ರೆ, ನಮ್ ತಮ್ಮ ಬರೋ ದಾರಿ ಅದು’ ಎಂದರು ಸೋದರತ್ತೆ. ನನಗೆ, ‘ಕಾಲು ಮಡಚಿ ಕೈಯಲ್ಲೇ ಹಿಡ್ಕ ಮಗಾ. ಹತ್ತು, ಮೇಲೆ ಹತ್ತು’ ಎಂದರು.

ಹತ್ತಿದೆ. ಹುಡುಗಿಯ ಬಲಗಡೆ, ಕಂಬಕ್ಕೆ ಒರಗಿ, ಕೋಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಪೆಟ್ಟಿಗೆಯ ದೀಪ ಕೆಂಪಿನಿಂದ ನೀಲಿಗೆ ತಿರುಗಲು ಸ್ವಲ್ಪ ಹೊತ್ತು ಬೇಕು. ಓಲಗದವರು ಸನ್ನೆಗೆ ಕಾಯುತ್ತಿದ್ದರು. ಗಂಡು ತಾಳಿ ಹಿಡಿದುಕೊಂಡಿದ್ದ. ಗಂಡಿನ ಕಡೆಯವರೊಬ್ಬರು ಗಡಿಯಾರ ನೋಡಿದರು. ನಾನು ದೀಪ ನೋಡುತ್ತಿದ್ದೆ. ಆ ಮಂಟಪದಲ್ಲಿ ನಿಂತು ನನಗೆ ಏನಾದರೂ ಅನ್ನಿಸಬಹುದು ಎಂದುಕೊಂಡಿದ್ದೆ. ಏನೂ ಅನ್ನಿಸಲಿಲ್ಲ. ದೀಪ ನೀಲಿಯಾಯಿತು.

ಅತ್ತೆಯ ಕೈಯ ಫೋನಿನಲ್ಲಿ ವೃತ್ತ ನಿಂತು, ದಿಂಬು ಬಂತು, ಮುಖ ಬಂತು.

‘ಬಂದ್ನೋಡು!’ ಎಂದು ಅತ್ತೆ ಕೂಗಿದರು.

ಫೋನಿನಿಂದ ದೊಡ್ಡ ದನಿ ಕೇಳಿತು. ‘ಕಾಣಲ್ಲ! ಎಂತದೂ ಕಾಣಲ್ಲ! ಆ ಕೋಲು ಹಿಡ್ಕಂಡಿರೋರು ಯಾರದು, ಸ್ವಲ್ಪ ಆಚೆ ನಿಂತ್ಕಳಕ್ ಹೇಳೇ. ಬರೀ ಅವರ ಬೆನ್ನೇ ಕಾಣ್ತಿದೆ.’

ಮುಂದಿನ ಸಾಲು ಪೂರಾ ನಕ್ಕಿತು. ಹುಡುಗಿಯೂ ನಕ್ಕಳು. ನಾನು ಕಂಬದ ಇನ್ನೊಂದು ಮಗ್ಗುಲಿಗೆ ಸರಿದೆ.

‘ಹಾಂ’ ಎಂದಿತು ಫೋನು.

ಹುಡುಗಿ ಕುತ್ತಿಗೆ ಬಗ್ಗಿಸಿದಳು. ಓಲಗ ಜೋರಾಯಿತು. ಅಕ್ಷತೆ ಬಿತ್ತು. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ಹಾಲು ಎರೆಯಲು ಜನ ಹತ್ತತೊಡಗಿದರು. ಮೊದಲು ಚಿಕ್ಕಪ್ಪ ಚಿಕ್ಕಮ್ಮ, ಆಮೇಲೆ ಹುಡುಗಿಯ ಅಮ್ಮ, ಆಮೇಲೆ ಸಾಲು. ಕೋಲು ಇಳಿಸಲಿಲ್ಲ. ಅತ್ತೆ ಪ್ರತಿಯೊಬ್ಬರಿಗೂ ಫೋನು ತೋರಿಸುತ್ತಿದ್ದರು, ಅವರು ಮಲಗಿದವರಿಗೆ ಕೈ ಮುಗಿದು, ‘ಕಾಲು ಹೆಂಗಿದೆ’ ಎಂದು ಕೇಳಿ, ಹಾಲು ಎರೆದು ಇಳಿಯುತ್ತಿದ್ದರು. ಬದಿಯಲ್ಲಿ ನಿಂತ ನನ್ನನ್ನು ಯಾರೂ ಗಮನಿಸಲಿಲ್ಲ. ಸಾಲು ಮುಗಿಯುತ್ತ ಬಂದಾಗ ಅತ್ತೆ ತಿರುಗಿದರು.

‘ನೀನು ಎರ್ದಿಲ್ಲ.’

‘ನಾನು ಕೆಲ್ಸಕ್ಕೆ ಬಂದಿರೋದು.’

‘ಮಂಟಪ ಹತ್ತಿದೋರು ಹಾಲು ಎರೀದೆ ಇಳಿಯೋ ಹಾಗಿಲ್ಲ. ಬಾ.’

‘ಕೋಲು ಬಿಟ್ರೆ ಅವರು ಹೋಗ್ಬಿಡ್ತಾರೆ.’

‘ಬಿಡ್ಬೇಡ. ಎಡಗೈಲಿ ಹಿಡ್ಕ. ಬಲಗೈ ಕೊಡು.’

ಎಡಗೈಯಲ್ಲಿ ಕೋಲು ಹಿಡಿದು, ಬಲಗೈಯಲ್ಲಿ ಪುಟ್ಟ ಬೆಳ್ಳಿ ಗಿಂಡಿ ತೆಗೆದುಕೊಂಡು ಎರೆದೆ. ಕೋಲು ವಾಲಿತು. ‘ಅಯ್ಯೋ, ಹೋಯ್ತು’ ಎಂದಿತು ಫೋನು. ನೆಟ್ಟಗೆ ಮಾಡಿದೆ. ‘ಬಂತು’ ಎಂದಿತು. ಕಾಯಿಯ ಮೇಲಿಂದ ಇಳಿದ ಹಾಲು ಹುಡುಗಿಯ ಬೆರಳುಗಳ ಮೇಲೆ ಹರಿದು, ಸ್ವಲ್ಪ ನನ್ನ ಮುಂಗೈಗೂ ಸಿಡಿಯಿತು. ತಣ್ಣಗಿತ್ತು. ಫ್ರಿಜ್ಜಿನಿಂದ ಆಗಷ್ಟೇ ತೆಗೆದಿರಬೇಕು.

ಜನ ಊಟಕ್ಕೆ ಹೋದರು. ಅತ್ತೆ ಫೋನನ್ನು ಒಂದು ಕುರ್ಚಿಗೆ ಒರಗಿಸಿಟ್ಟು, ‘ಪಂಕ್ತಿ ಎಬ್ಬಿಸ್ತಾರೆ, ಬಂದೆ’ ಎಂದು ಹೋದವರು ಬರಲಿಲ್ಲ. ಹುಡುಗ ಹುಡುಗಿಯನ್ನು ಫೋಟೋದವರು ಹೊರಗೆ ಕರೆದುಕೊಂಡು ಹೋಗಿದ್ದರು. ಫೋನನ್ನು ನಿಲ್ಲಿಸಬೇಕೆಂದು ಯಾರಿಗೂ ನೆನಪಿರಲಿಲ್ಲ. ಹಾಗಾಗಿ ನಾನು ಕೋಲು ಹಿಡಿದೇ ನಿಂತಿದ್ದೆ. ಆಸ್ಪತ್ರೆಯಲ್ಲಿ ಮಲಗಿದವರು ಖಾಲಿ ಮಂಟಪ ನೋಡುತ್ತಿದ್ದರು.

‘ಇನ್ನು ಇಳಿಸ್ಬಹುದಮ್ಮ ಅದನ್ನ’ ಎಂದರು ಅವರು ಸ್ವಲ್ಪ ಹೊತ್ತಿನ ಮೇಲೆ.

‘ನೀವು ನೋಡಿದ್ರಾ? ಕಂಡಿತಾ?’

‘ಕಾಣ್ತು. ತಾಳಿ ಕಟ್ಟಿದ್ದು ಕಾಣ್ತು. ಆಮೇಲೆ ನಮ್ಮಕ್ಕ ಎಲ್ಲೆಲ್ಲೋ ತಿರುಗ್ಸಿದ್ಲು, ಅರ್ಧ ಹೊತ್ತು ನಿಮ್ಮ ಕೈಯೇ ಕಾಣ್ತಿತ್ತು.’ ನಿಲ್ಲಿಸಿ ಹೇಳಿದರು, ‘ಭಾರ ಇದೆಯೇನಮ್ಮ ಅದು? ಪಾಪ, ಕೈ ನಡುಗ್ತಾನೇ ಇತ್ತು.’

ನಾನು ಕೈ ನೋಡಿಕೊಂಡೆ. ನಡುಗುತ್ತಿತ್ತು. ಎಷ್ಟು ಹೊತ್ತಿನಿಂದ ಎಂದು ಗೊತ್ತಿರಲಿಲ್ಲ.

‘ಹೌದು’ ಎಂದೆ. ‘ಭಾರ ಇದೆ.’

‘ಇಳ್ಸು. ಊಟ ಮಾ—’ ಎನ್ನುವಷ್ಟರಲ್ಲಿ ನಾನು ಇಳಿಸಿಬಿಟ್ಟಿದ್ದೆ. ಅವರ ಮುಖ ಹೋಯಿತು.

ಊಟದ ಮನೆಯ ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಒಂದು ಎಲೆ ನನಗೆಂದು ಹಿಡಿಸಿಟ್ಟಿದ್ದರು. ನಾನು ಉಣ್ಣುವ ತನಕ ಎದುರಿಗೆ ನಿಂತು, ಪಾಯಸ ಇನ್ನೊಂದು ಸೌಟು ಹಾಕಿಸಿದರು. ರೌಟರ್ ಎಲ್ಲಿಡಬೇಕು ಎಂದು ಕೇಳಿದರು. ಎಲ್ಲಿ ಬೇಕಾದರೂ, ಬೀರುವಿನ ಒಳಗೊಂದು ಬೇಡ ಎಂದೆ. ಮಾಘದ ಮಾತು ಅವರೂ ಎತ್ತಲಿಲ್ಲ.

ವರದಿಯನ್ನು ಬಸ್ಸಿನಲ್ಲೇ ಬರೆದೆ. ಮಂಟಪದ ಎದುರಿನ ತೊಲೆಗೆ ಒಂದು ಪೆಟ್ಟಿಗೆ, ಊಟದ ಮನೆಗೆ ಒಂದು, ಬಾಗಿಲಿಗೆ ಒಂದು. ಎಲ್ಲವೂ ತಲೆಗಿಂತ ಮೇಲಿರಬೇಕು. ಬೆಳ್ಳಿ ಹಾಳೆಯ ಹಿಂದೆ ಹಚ್ಚಬಾರದು. ಧಾರೆಯ ಹೊತ್ತಿಗೆ ಜನ ಮಂಟಪ ಹತ್ತುವುದರಿಂದ ಅಳತೆಯನ್ನು ಆಗಲೇ ಮಾಡಬೇಕು ಎಂದು ಕೊನೆಗೆ ಸೇರಿಸಿದೆ. ಅಂಥ ಸಾಲು ನಮ್ಮ ಯಾವ ವರದಿಯಲ್ಲಿಯೂ ಇರಲಿಲ್ಲ, ಸರ್ ಅದನ್ನು ಹಾಗೇ ಬಿಟ್ಟರು.

ಮನೆಗೆ ಬಂದಾಗ ಅಮ್ಮ ನನ್ನ ಜಡೆಯಿಂದ ಒಂದು ಅಕ್ಷತೆಯ ಕಾಳು ತೆಗೆದಳು. ಇನ್ನೊಂದು ತೆಗೆದಳು. ಅಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು.

‘ಯಾವ ಛತ್ರ?’ ಎಂದಳು ಅಮ್ಮ.

‘ಅದೇ’ ಎಂದೆ.

ನೀರಿನ ಸದ್ದು ನಿಂತಿತು. ನಾನು ಹೇಳಿದೆ, ಹುಡುಗಿಯ ಅಪ್ಪ ಆಸ್ಪತ್ರೆಯಲ್ಲಿದ್ದರೆಂದು, ಫೋನಿನಲ್ಲಿ ಧಾರೆ ತೋರಿಸಬೇಕಿತ್ತೆಂದು, ಅದಕ್ಕೆ ಹೋಗಿದ್ದೆನೆಂದು, ಎತ್ತಿ ಹಿಡಿದ ಕೋಲು ಭಾರವಿತ್ತೆಂದು. ಮಾಘದಿಂದೀಚೆಗೆ ನಮ್ಮ ಮನೆಯಲ್ಲಿ ನಾನು ಒಮ್ಮೆಗೆ ಅಷ್ಟು ಮಾತಾಡಿದ್ದು ಅವತ್ತೇ ಇರಬೇಕು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

‘ಅವರಪ್ಪಂಗೆ ಕಾಣ್ತಾ?’ ಎಂದರು.

‘ಕಾಣ್ತಂತೆ.’

‘ಸರಿ’ ಎಂದರು. ಟವೆಲನ್ನು ಮುಖದಿಂದ ಬೇಗ ತೆಗೆಯಲಿಲ್ಲ. ಆಮೇಲೆ ಬಂದು ಕೋಲಿನ ಚೀಲ ಎತ್ತಿ ನೋಡಿದರು. ‘ಇದೇನು, ಹಗುರ ಇದೆಯಲ್ಲ’ ಎಂದು ಬಾಗಿಲ ಮೂಲೆಗೆ ಒರಗಿಸಿಟ್ಟರು.